ಓದು ಮೊದಲೋ, ಓಟು ಮೊದಲೋ? – ಇಂಗ್ಲೆಂಡಿನ ಚಾರ್ಟಿಸ್ಟ್ ಚಳವಳಿ ಹೇಳುವ ಪಾಠ



ಹದಿನೆಂಟು ವರ್ಷ ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರೇ ಆಗಲಿ, ಇಂದು ನಮ್ಮ ದೇಶದಲ್ಲಿ ಮತಗಟ್ಟೆಗೆ ಹೋಗಿ ಮತ ಹಾಕಬಹುದು. ಅಲ್ಲಿ ಕುಳಿತ ಅಧಿಕಾರಿ ‘ಎಷ್ಟನೆಯ ತರಗತಿ ಓದಿದ್ದೀರಿ? ಇರುವ ಮನೆ ಸ್ವಂತದ್ದೋ, ಬಾಡಿಗೆಯದೋ? ವರ್ಷಕ್ಕೆ ಎಷ್ಟು ತೆರಿಗೆ ಕಟ್ಟುತ್ತೀರಿ?’ ಎಂದು ಕೇಳುವುದಿಲ್ಲ. ಬೀಡಿ ಕಟ್ಟುವ ತಾಯಿಯ ಮತಕ್ಕೂ ಬಂಗಲೆಯಲ್ಲಿರುವ ಸಾಹುಕಾರರ ಮತಕ್ಕೂ ಒಂದೇ ಬೆಲೆ. ಇದು ನಮಗೆ ಗಾಳಿ, ನೀರಿನಷ್ಟು ಸಹಜವಾಗಿ ಕಾಣುತ್ತದೆ. ಆದರೆ ಪ್ರಜಾಪ್ರಭುತ್ವದ ತವರು ಎಂದು ಹೇಳಿಕೊಳ್ಳುವ ಇಂಗ್ಲೆಂಡಿನಲ್ಲಿ ಇದೇ ಮಾತನ್ನು ಆಡಿದ್ದಕ್ಕೆ ಜನ ಜೈಲು ಸೇರಿದ್ದರು, ಗಡೀಪಾರಾಗಿದ್ದರು, ಗುಂಡಿಗೆ ಬಲಿಯಾಗಿದ್ದರು.

ಪರೀಕ್ಷೆಗೆ ಓದುವಾಗ ‘ಚಾರ್ಟಿಸ್ಟ್ ಚಳವಳಿ’ ಎಂಬುದು ಎರಡು ಅಂಕದ ಪ್ರಶ್ನೆ. ಆರು ಬೇಡಿಕೆಗಳನ್ನು ಬಾಯಿಪಾಠ ಮಾಡಿ ಬರೆದರೆ ಮುಗಿಯಿತು. ಆದರೆ ಆ ಚಳವಳಿಯ ಒಳಗೆ ಬಹಳ ದೊಡ್ಡ ಜಗಳವೊಂದಿದೆ. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡೆದ ಜಗಳ ಮಾತ್ರ ಅದಲ್ಲ. ಬದಲಾವಣೆ ಬೇಕು ಎಂದೇ ಹೇಳುತ್ತಿದ್ದ ಎರಡು ಪಂಗಡಗಳ ನಡುವಿನ ಜಗಳ. ಎಷ್ಟು ಬದಲಾವಣೆ, ಯಾರಿಗಾಗಿ, ಯಾವ ದಾರಿಯಿಂದ ಎಂಬುದೇ ಅದರ ವಿಷಯ. ಶಿಕ್ಷಣವನ್ನೇ ಧ್ಯೇಯವಾಗಿಟ್ಟುಕೊಂಡ ನಮ್ಮಂಥ ಸಂಸ್ಥೆಯವರು ಆ ಜಗಳವನ್ನು ಗಮನವಿಟ್ಟು ಓದಬೇಕು. ಏಕೆಂದರೆ ಅದರ ನಡುಮಧ್ಯದಲ್ಲಿ ಇದ್ದ ಪ್ರಶ್ನೆ ಶಿಕ್ಷಣದ್ದೇ.

ಉದಾರವಾದಿಗಳು ಯಾರು, ಎಡಪಂಥೀಯರು ಯಾರು?

ಮೊದಲು ಎರಡು ಶಬ್ದಗಳನ್ನು ತಿಳಿದುಕೊಳ್ಳೋಣ. 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ರಾಜನ ಅಧಿಕಾರವನ್ನು ಉಳಿಸಬೇಕೆಂದವರು ಅಧ್ಯಕ್ಷರ ಬಲಕ್ಕೂ, ಅದನ್ನು ಮೊಟಕುಗೊಳಿಸಬೇಕೆಂದವರು ಎಡಕ್ಕೂ ಕುಳಿತರು. ‘ಎಡ’, ‘ಬಲ’ ಎಂಬ ರಾಜಕೀಯ ಮಾತುಗಳು ಹುಟ್ಟಿದ್ದು ಹೀಗೆ. ಮುಂದೆ ‘ಎಡ’ ಎಂಬುದು ದುಡಿಯುವ ಜನರ ಪರವಾಗಿ ಸಮಾಜದ ಬುಡವನ್ನೇ ಬದಲಿಸಬೇಕು ಎನ್ನುವವರ ಹೆಸರಾಯಿತು.

ಉದಾರವಾದಿಗಳೆಂದರೆ ವ್ಯಕ್ತಿಸ್ವಾತಂತ್ರ್ಯ, ಕಾನೂನಿನ ಆಡಳಿತ, ಪತ್ರಿಕಾ ಸ್ವಾತಂತ್ರ್ಯ, ಚುನಾಯಿತ ಸಭೆ ಇವುಗಳಲ್ಲಿ ನಂಬಿಕೆಯಿಟ್ಟವರು. ರಾಜರ, ಜಮೀನ್ದಾರರ ದರ್ಬಾರಿಗೆ ಇವರೂ ವಿರೋಧಿಗಳೇ. ಆದರೆ ಬದಲಾವಣೆ ಹಂತಹಂತವಾಗಿ, ಶಾಸನದ ಮೂಲಕ, ಆಸ್ತಿಗೆ ಧಕ್ಕೆಯಾಗದಂತೆ ಬರಬೇಕು ಎಂಬುದು ಇವರ ನಿಲುವು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ವ್ಯಾಪಾರಿಗಳು, ಗಿರಣಿ ಮಾಲೀಕರು, ವಕೀಲರು, ವಿದ್ಯಾವಂತರು ಹೆಚ್ಚಾಗಿ ಈ ಕಡೆ ಇದ್ದರು. ನೇಕಾರರು, ಗಣಿಯವರು, ದರ್ಜಿಗಳು, ಬಡಗಿಗಳು, ಚಪ್ಪಲಿ ಹೊಲಿಯುವವರು ಇನ್ನೊಂದು ಕಡೆ. ಅಂದು ಅವರನ್ನು ಯಾರೂ ‘ಎಡಪಂಥೀಯರು’ ಎಂದು ಕರೆಯುತ್ತಿರಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರೇ ಅಂದಿನ ಎಡಪಂಥೀಯರು.

ಜೊತೆಯಾಗಿ ಹೋರಾಡಿದವರು

1832ಕ್ಕೆ ಮೊದಲು ಇಂಗ್ಲೆಂಡಿನ ಪಾರ್ಲಿಮೆಂಟಿನ ಸ್ಥಿತಿ ಹೇಗಿತ್ತು? ಓಲ್ಡ್ ಸಾರಮ್ ಎಂಬ ಪಾಳುಬಿದ್ದ ದಿಬ್ಬಕ್ಕೆ ಇಬ್ಬರು ಸದಸ್ಯರು. ಲಕ್ಷಕ್ಕೂ ಹೆಚ್ಚು ಜನರಿದ್ದ ಮ್ಯಾಂಚೆಸ್ಟರ್ ನಗರಕ್ಕೆ ಪ್ರತ್ಯೇಕವಾಗಿ ಒಬ್ಬ ಸದಸ್ಯನೂ ಇಲ್ಲ. ಜಮೀನ್ದಾರರ ಈ ಸಭೆ 1815ರಲ್ಲಿ ಧಾನ್ಯ ಕಾನೂನನ್ನು ತಂದು ಹೊರದೇಶದ ಅಗ್ಗದ ಗೋಧಿಗೆ ಬಾಗಿಲು ಮುಚ್ಚಿತು. ರೊಟ್ಟಿ ದುಬಾರಿಯಾಯಿತು. ಸುಧಾರಣೆ ಕೇಳಲು 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ ಸೇರಿದಾಗ, ಅವರ ಮೇಲೆ ಕುದುರೆ ಸವಾರರನ್ನು ನುಗ್ಗಿಸಲಾಯಿತು. ಕನಿಷ್ಠ 15 ಜನ ಸತ್ತರು, ನೂರಾರು ಜನ ಗಾಯಗೊಂಡರು. ಇದೇ ಪೀಟರ್ಲೂ ಹತ್ಯಾಕಾಂಡ.

ಈ ನೋವು ಇಬ್ಬರಿಗೂ ತಟ್ಟಿತ್ತು. ಗಿರಣಿ ಮಾಲೀಕನಿಗೂ ಓಟಿಲ್ಲ, ಗಿರಣಿಯ ಕೂಲಿಗೂ ಓಟಿಲ್ಲ. ಆದ್ದರಿಂದ 1830ರಲ್ಲಿ ಬರ್ಮಿಂಗ್‌ಹ್ಯಾಮಿನ ಬ್ಯಾಂಕರ್ ಥಾಮಸ್ ಆಟ್‌ವುಡ್ ರಾಜಕೀಯ ಸಂಘವೊಂದನ್ನು ಕಟ್ಟಿದಾಗ ಮಧ್ಯಮ ವರ್ಗದವರೂ ಕಾರ್ಮಿಕರೂ ಅದರಲ್ಲಿ ಕೈಜೋಡಿಸಿದರು. 1831ರಲ್ಲಿ ಲಾರ್ಡ್ ಜಾನ್ ರಸೆಲ್ ಸುಧಾರಣಾ ಮಸೂದೆ ಮಂಡಿಸಿದ. ಯುವ ಸದಸ್ಯ ಮೆಕಾಲೆ ಅದರ ಪರವಾಗಿ ಸದನ ತಲೆದೂಗುವಂತೆ ಮಾತಾಡಿದ. ವ್ಯವಸ್ಥೆ ಉಳಿಯಬೇಕಾದರೆ ಅದನ್ನು ಸುಧಾರಿಸಲೇಬೇಕು ಎಂಬುದು ಅವನ ವಾದದ ಸಾರ. ಮೇಲ್ಮನೆ ಮಸೂದೆಯನ್ನು ತಿರಸ್ಕರಿಸಿದಾಗ ಬ್ರಿಸ್ಟಲ್, ನಾಟಿಂಗ್‌ಹ್ಯಾಮ್ ನಗರಗಳಲ್ಲಿ ಬೆಂಕಿ ಹೊತ್ತಿತು. 1832ರ ಮೇ ತಿಂಗಳಲ್ಲಿ ದೇಶವೆಲ್ಲ ಸಭೆ, ಮೆರವಣಿಗೆ. ಬ್ಯಾಂಕಿನಲ್ಲಿಟ್ಟ ಹಣವನ್ನು ಚಿನ್ನವಾಗಿ ಹಿಂತೆಗೆದುಕೊಳ್ಳಿ ಎಂಬ ಕರೆಯೂ ಹೊರಟಿತು. ಕೊನೆಗೆ ಮೇಲ್ಮನೆ ಮಣಿಯಿತು. ಜೂನ್ 7ರಂದು ಕಾಯಿದೆ ಬಂತು.

ಆದರೆ ಕಾಯಿದೆಯಲ್ಲಿ ಇದ್ದದ್ದೇನು? ನಗರಗಳಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆ ಬೆಲೆಯ ಮನೆ ಅಥವಾ ಅಂಗಡಿ ಹೊಂದಿದ ಗಂಡಸಿಗೆ ಓಟು. ಇಂಗ್ಲೆಂಡ್ ಮತ್ತು ವೇಲ್ಸಿನ ವಯಸ್ಕ ಗಂಡಸರಲ್ಲಿ ಸುಮಾರು ಐವರಲ್ಲಿ ಒಬ್ಬನಿಗೆ ಮಾತ್ರ ಹಕ್ಕು ಸಿಕ್ಕಿತು. ಮಾಲೀಕ ಒಳಗೆ ಹೋದ, ಕೂಲಿ ಹೊರಗೇ ಉಳಿದ. ಬೀದಿಯಲ್ಲಿ ಕೂಗಿದ್ದು ಇಬ್ಬರೂ. ಬಾಗಿಲು ತೆರೆದದ್ದು ಒಬ್ಬನಿಗೆ. ಹೆನ್ರಿ ಹೆದರಿಂಗ್ಟನ್ ಎಂಬ ಮುದ್ರಕ ತನ್ನ ಒಂದು ಪೆನ್ನಿ ಬೆಲೆಯ ಪತ್ರಿಕೆಯಲ್ಲಿ, ‘ಇದು ನಿಮಗಾಗಿ ಬಂದ ಕಾಯಿದೆಯಲ್ಲ’ ಎಂಬ ಎಚ್ಚರಿಕೆಯನ್ನು ಕಾರ್ಮಿಕರಿಗೆ ಮೊದಲೇ ಕೊಟ್ಟಿದ್ದ. ಆಗ ಪತ್ರಿಕೆಗಳಿಗೆ ನಾಲ್ಕು ಪೆನ್ನಿ ಸ್ಟಾಂಪು ತೆರಿಗೆಯಿತ್ತು. ಅದನ್ನು ಕಟ್ಟದೆ ಮಾರಿದ್ದಕ್ಕೆ ನೂರಾರು ಮಾರಾಟಗಾರರು ಜೈಲಿಗೆ ಹೋದರು.

ಒಳಗೆ ಹೋದವರು ಹಿಂತಿರುಗಿ ನೋಡಿದರೇ? ಹೊಸ ಪಾರ್ಲಿಮೆಂಟು ಒಳ್ಳೆಯ ಕೆಲಸ ಮಾಡಲಿಲ್ಲವೆಂದಲ್ಲ. 1833ರಲ್ಲಿ ತನ್ನ ಸಾಮ್ರಾಜ್ಯದ ಬಹುಭಾಗದಲ್ಲಿ ಗುಲಾಮಗಿರಿಯನ್ನು ರದ್ದುಮಾಡುವ ಕಾನೂನು ತಂದಿತು, ಗಿರಣಿಗಳಲ್ಲಿ ಮಕ್ಕಳ ದುಡಿಮೆಗೆ ಮಿತಿ ಹಾಕಿತು. ಆದರೆ ಅದೇ ವರ್ಷ ಗುಲಾಮರ ಒಡೆಯರಿಗೆ ಪರಿಹಾರವೆಂದು 2 ಕೋಟಿ ಪೌಂಡ್ ಮಂಜೂರು ಮಾಡಿದ ಸದನ, ಬಡವರ ಶಾಲೆಗಳ ಕಟ್ಟಡಕ್ಕೆ ಕೊಟ್ಟದ್ದು 20,000 ಪೌಂಡ್! 1834ರ ಬಡವರ ಕಾನೂನು, ನೆರವು ಬೇಕಾದವರು ‘ವರ್ಕ್‌ಹೌಸ್’ ಎಂಬ ದುಡಿಮೆಮನೆ ಸೇರಬೇಕೆಂದಿತು. ಅಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಇಡುತ್ತಿದ್ದರು. ಅದೇ ವರ್ಷ ಟಾಲ್‌ಪಡ್ಲ್ ಎಂಬ ಹಳ್ಳಿಯ ಆರು ಮಂದಿ ಕೃಷಿ ಕೂಲಿಗಳನ್ನು, ಸಂಘ ಕಟ್ಟಲು ಗುಟ್ಟಾಗಿ ಪ್ರಮಾಣ ಮಾಡಿಸಿದರೆಂಬ ಕಾರಣಕ್ಕೆ, ಏಳು ವರ್ಷ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡುವ ಶಿಕ್ಷೆ ವಿಧಿಸಲಾಯಿತು. ಲಂಡನ್ನಿನ ಬೀದಿಯಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು, 1836ರಲ್ಲಿ ಅವರಿಗೆ ಕ್ಷಮಾದಾನ ಸಿಕ್ಕಿತು.

ಆರು ಬೇಡಿಕೆಗಳ ಸನ್ನದು

1836ರಲ್ಲಿ ವಿಲಿಯಂ ಲವೆಟ್ ಮತ್ತು ಸಂಗಡಿಗರು ಲಂಡನ್ ಕಾರ್ಮಿಕರ ಸಂಘವನ್ನು ಸ್ಥಾಪಿಸಿದರು. ಲವೆಟ್ ಮರಗೆಲಸದವನು, ಸ್ವಂತ ಶ್ರಮದಿಂದ ಓದಿಕೊಂಡವನು. 1838ರ ಮೇ ತಿಂಗಳಲ್ಲಿ ಪ್ರಕಟವಾದ ‘ಜನತೆಯ ಸನ್ನದು’ ಬಹುಪಾಲು ಇವನ ಕೈಬರಹ. (ಸನ್ನದು ಎಂಬ ಕನ್ನಡ ಶಬ್ದ ‘ಸನದ್’ನಿಂದ ಬಂದದ್ದು; ಉರ್ದುವಿನಲ್ಲಿ ಇಂಥ ಬೇಡಿಕೆ ಪತ್ರಕ್ಕೆ ‘ಮನ್ಷೂರ್’ ಎನ್ನುತ್ತೇವೆ.) ಇಂಗ್ಲಿಷಿನ ‘ಚಾರ್ಟರ್’ ಎಂಬ ಮಾತಿನಿಂದಲೇ ಚಳವಳಿಗೆ ಚಾರ್ಟಿಸ್ಟ್ ಎಂಬ ಹೆಸರು ಬಂತು. ಬೇಡಿಕೆಗಳು ಇವು: 21 ವರ್ಷ ತುಂಬಿದ ಪ್ರತಿ ಗಂಡಸಿಗೂ ಓಟು; ಗುಪ್ತ ಮತದಾನ; ಸದಸ್ಯನಾಗಲು ಆಸ್ತಿ ಇರಬೇಕೆಂಬ ನಿಯಮ ರದ್ದು; ಸದಸ್ಯರಿಗೆ ಸಂಬಳ; ಸಮಾನ ಕ್ಷೇತ್ರಗಳು; ಪ್ರತಿ ವರ್ಷ ಪಾರ್ಲಿಮೆಂಟಿನ ಚುನಾವಣೆ.

ಸಂಬಳದ ಬೇಡಿಕೆ ನಮಗೆ ವಿಚಿತ್ರವಾಗಿ ಕಾಣಬಹುದು. ಯೋಚಿಸಿ ನೋಡಿ: ಸಂಬಳವಿಲ್ಲದಿದ್ದರೆ ಕೂಲಿ ಮಾಡುವವನು ಗೆದ್ದರೂ ಲಂಡನ್ನಿನಲ್ಲಿ ಕೂತು ಶಾಸನ ಮಾಡುವುದು ಹೇಗೆ? ಪ್ರತಿಯೊಂದು ಬೇಡಿಕೆಯ ಹಿಂದೆಯೂ ಇಂಥ ಅನುಭವವಿತ್ತು.

ಫರ್ಗಸ್ ಓಕಾನರ್ ಎಂಬ ಐರ್ಲೆಂಡಿನ ವಾಗ್ಮಿ ತನ್ನ ‘ನಾರ್ದರ್ನ್ ಸ್ಟಾರ್’ ಪತ್ರಿಕೆಯ ಮೂಲಕ ಈ ಮಾತನ್ನು ಉತ್ತರದ ಗಿರಣಿ ಊರುಗಳಿಗೆಲ್ಲ ಮುಟ್ಟಿಸಿದ. ಓದು ಬಾರದವರಿಗೆ ಓದು ಬಂದವರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. 1839ರಲ್ಲಿ 12 ಲಕ್ಷ 80 ಸಾವಿರ ಸಹಿಗಳ ಮನವಿಯನ್ನು ಆಟ್‌ವುಡ್ ಪಾರ್ಲಿಮೆಂಟಿಗೆ ಸಲ್ಲಿಸಿದ. ಅದನ್ನು ಪರಿಶೀಲಿಸಬೇಕೆಂಬ ನಿರ್ಣಯಕ್ಕೆ ಸಿಕ್ಕಿದ್ದು 46 ಮತ, ವಿರುದ್ಧ 235. ವಿರೋಧಿಸಿ ಮಾತಾಡಿದವರಲ್ಲಿ ಮುಖ್ಯನಾದವನು ಯಾರು ಗೊತ್ತೇ? 1831ರಲ್ಲಿ ಸುಧಾರಣೆಯ ಮಸೂದೆ ಮಂಡಿಸಿದ ಅದೇ ಲಾರ್ಡ್ ಜಾನ್ ರಸೆಲ್.

ಮನವಿ ಬಿದ್ದುಹೋದ ಮೇಲೆ ಚಳವಳಿಯ ಒಳಗೇ ಬಿರುಕು ಕಂಡಿತು. ನೀತಿಯ ಬಲ ಸಾಕು, ಸಭೆ, ಲೇಖನ, ಮನವಿಗಳಿಂದಲೇ ಗೆಲ್ಲಬಹುದು ಎಂದವರು ಕೆಲವರು. ತೋಳಿನ ಬಲ ಕಾಣಿಸದೆ ಆಳುವವರು ಮಣಿಯುವುದಿಲ್ಲ ಎಂದವರು ಕೆಲವರು. 1839ರ ನವೆಂಬರ್ 4ರಂದು ವೇಲ್ಸಿನ ನ್ಯೂಪೋರ್ಟಿಗೆ ಸಾವಿರಾರು ಗಣಿ ಕಾರ್ಮಿಕರು ನುಗ್ಗಿದರು. ಸೈನಿಕರ ಗುಂಡಿಗೆ 20ಕ್ಕೂ ಹೆಚ್ಚು ಜನ ಸತ್ತರು. ಅವರ ಮುಂದಾಳು ಜಾನ್ ಫ್ರಾಸ್ಟ್ ಹಿಂದೆ ಅದೇ ಊರಿನ ಮೇಯರ್ ಆಗಿದ್ದವನು. ಅವನಿಗೆ ವಿಧಿಸಿದ ಮರಣದಂಡನೆ ಆಮೇಲೆ ಗಡೀಪಾರಾಯಿತು.

ನ್ಯೂಪೋರ್ಟಿನ ಸಾವುಗಳು ಉದಾರವಾದಿಗಳಿಗೆ ಒಂದು ಉತ್ತರವನ್ನು ಕೈಗಿಟ್ಟವು. ‘ನೋಡಿ, ಇವರಿಗೆ ಓಟು ಕೊಟ್ಟರೆ ಇದೇ ಗತಿ’ ಎನ್ನುವುದು ಸುಲಭವಾಯಿತು. ಆದರೆ ಒಂದು ಮಾತು ಗಮನಿಸಿ. ಶಾಂತಿಯುತವಾಗಿ ಸಲ್ಲಿಸಿದ ಲಕ್ಷಾಂತರ ಸಹಿಗಳನ್ನು ಕಸದಂತೆ ಕಂಡದ್ದು ಮೊದಲು, ನ್ಯೂಪೋರ್ಟ್ ನಡೆದದ್ದು ಆಮೇಲೆ.

ಮೆಕಾಲೆಯ ಎರಡು ಮುಖ

1842ರ ಮೇ ತಿಂಗಳಲ್ಲಿ ಎರಡನೆಯ ಮನವಿ ಬಂತು. ಈ ಸಲ 33 ಲಕ್ಷಕ್ಕೂ ಹೆಚ್ಚು ಸಹಿ. ಕಾಗದದ ಸುರುಳಿ ಎಷ್ಟು ದೊಡ್ಡದಿತ್ತೆಂದರೆ ಇಡಿಯಾಗಿ ಬಾಗಿಲಲ್ಲಿ ಹಿಡಿಸದೆ ಬಿಡಿಬಿಡಿಯಾಗಿ ಒಳಗೆ ತರಬೇಕಾಯಿತು. ಮನವಿದಾರರ ಮಾತನ್ನು ಸದನ ಕೇಳಲಿ ಎಂಬುದಷ್ಟೇ ನಿರ್ಣಯ. ಪರ 49, ವಿರುದ್ಧ 287.

ಅಂದು ವಿರೋಧವಾಗಿ ಮಾತಾಡಿದವರಲ್ಲಿ ನಮಗೆಲ್ಲ ಪರಿಚಿತನಾದ ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆಯೂ ಇದ್ದ. 1832ರ ಸುಧಾರಣೆಯ ವೀರ ಅವನು. ಗುಪ್ತ ಮತದಾನಕ್ಕೆ ಅವನ ಬೆಂಬಲವಿತ್ತು. ಆದರೆ ಎಲ್ಲರಿಗೂ ಓಟು ಎಂಬುದನ್ನು ಮಾತ್ರ ಅವನು ಒಪ್ಪಲಿಲ್ಲ. ಆಸ್ತಿಯ ಭದ್ರತೆಯೇ ನಾಗರಿಕತೆಯ ಬುನಾದಿ, ಆಸ್ತಿಯಿಲ್ಲದ ಬಹುಸಂಖ್ಯಾತರ ಕೈಗೆ ಅಧಿಕಾರ ಕೊಟ್ಟರೆ ಆ ಬುನಾದಿ ಉಳಿಯದು ಎಂಬುದು ಅವನ ವಾದ.

ಈ ಮೆಕಾಲೆ ನಮ್ಮ ನಾಡನ್ನೂ ಕಂಡವನು. 1834ರಲ್ಲಿ ಮದ್ರಾಸಿನಲ್ಲಿ ಇಳಿದು, ಗವರ್ನರ್ ಜನರಲ್ ಬೆಂಟಿಂಕ್‌ನನ್ನು ಕಾಣಲು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳ ಮೇಲೆ ಪಲ್ಲಕ್ಕಿಯಲ್ಲಿ ಊಟಿಗೆ ಹೋಗಿದ್ದ. ಅವನ ದೊಡ್ಡಪ್ಪ ಕಾಲಿನ್ ಮೆಕಾಲೆ ಹಿಂದೆ ಟಿಪ್ಪು ಸುಲ್ತಾನರ ಸೆರೆಯಲ್ಲಿ ಶ್ರೀರಂಗಪಟ್ಟಣದಲ್ಲಿದ್ದವನು. ಮರುವರ್ಷ, 1835ರಲ್ಲಿ, ಮೆಕಾಲೆ ತನ್ನ ಪ್ರಸಿದ್ಧ ಶಿಕ್ಷಣ ಟಿಪ್ಪಣಿ ಬರೆದ. ಅರಬ್ಬಿ, ಸಂಸ್ಕೃತ ವಿದ್ಯೆಗಳನ್ನು ಹಗುರವಾಗಿ ಕಂಡು, ಇಂಗ್ಲಿಷ್ ಕಲಿತ ಒಂದು ಸಣ್ಣ ವರ್ಗವನ್ನು ಮೊದಲು ತಯಾರಿಸಬೇಕು, ಉಳಿದ ಜನರಿಗೆ ವಿದ್ಯೆ ಅವರ ಮೂಲಕ ಹರಿಯಬೇಕು ಎಂದ.

ಎರಡನ್ನೂ ಜೊತೆಗಿಟ್ಟು ಓದಿ. ಇಲ್ಲಿ ವಿದ್ಯೆ ಮೊದಲು ಕೆಲವರಿಗೆ. ಅಲ್ಲಿ ಓಟು ಮೊದಲು ಕೆಲವರಿಗೆ. ಉಳಿದವರು ಕಾಯಬೇಕು. ಎಷ್ಟು ದಿನ ಕಾಯಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ. ಮೆಕಾಲೆ ದುಷ್ಟನಾಗಿದ್ದನೆಂದು ನಾನು ಹೇಳುತ್ತಿಲ್ಲ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಹರಿದ ರಕ್ತವನ್ನು ಅಂದಿನ ಉದಾರವಾದಿಗಳು ಮರೆತಿರಲಿಲ್ಲ. ಕಾನೂನು ಒಮ್ಮೆ ಕುಸಿದರೆ ಮೊದಲು ಸಾಯುವವರು ದುರ್ಬಲರೇ ಎಂಬ ಅವರ ಭಯದಲ್ಲಿ ಹುರುಳಿತ್ತು. ಆದರೆ ಅವರು ತಮ್ಮ ಓಟಿಗಾಗಿ 1832ರಲ್ಲಿ ಬೀದಿಯ ಗದ್ದಲವನ್ನು ಉಪಯೋಗಿಸಿಕೊಂಡಿದ್ದರು. ಇತರರ ಓಟಿನ ಮಾತು ಬಂದಾಗ ಅದೇ ಬೀದಿ ಅವರಿಗೆ ಭಯಂಕರವಾಗಿ ಕಂಡಿತು.

ಜೈಲಿನಲ್ಲಿ ಹುಟ್ಟಿದ ಪುಸ್ತಕ

ಇನ್ನು ಶಿಕ್ಷಣದ ಪ್ರಶ್ನೆಗೆ ಬರೋಣ. 1839ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಪೊಲೀಸರ ದೌರ್ಜನ್ಯವನ್ನು ಖಂಡಿಸುವ ಭಿತ್ತಿಪತ್ರ ಹೊರಡಿಸಿದ್ದಕ್ಕಾಗಿ ಲವೆಟ್‌ಗೆ ಒಂದು ವರ್ಷ ಜೈಲಾಯಿತು. ವಾರಿಕ್ ಜೈಲಿನಲ್ಲಿ ಅವನು ಜಾನ್ ಕಾಲಿನ್ಸ್ ಎಂಬ ಸಂಗಡಿಗನ ಜೊತೆ ಒಂದು ಪುಸ್ತಕ ಬರೆದ. 1840ರಲ್ಲಿ ಅದು ಪ್ರಕಟವಾಯಿತು. ಸರ್ಕಾರದ ಕೈಕಾಯದೆ ಕಾರ್ಮಿಕರೇ ಚಂದಾ ಎತ್ತಿ ಶಾಲೆಗಳನ್ನೂ ಸಭಾಭವನಗಳನ್ನೂ ಸಂಚಾರಿ ಗ್ರಂಥಾಲಯಗಳನ್ನೂ ಕಟ್ಟಬೇಕು ಎಂಬುದು ಅದರ ಯೋಜನೆ. ಚಂದಾ ಎತ್ತಿ ಶಾಲೆ ಕಟ್ಟುವ ಕಷ್ಟ ಏನೆಂದು ಬಲ್ಲ ನಮ್ಮ ಸಂಸ್ಥೆಯ ಹಿರಿಯರಿಗೆ ಈ ಮಾತು ಹತ್ತಿರದ್ದೆನಿಸೀತು.

ಓಕಾನರ್ ಇದನ್ನು ಕಟುವಾಗಿ ವಿರೋಧಿಸಿದ. ಏಕೆ? ಶಾಲೆ ಬೇಡವೆಂದೇ? ಅಲ್ಲ. ‘ಮೊದಲು ಓದಿ, ಆಮೇಲೆ ಹಕ್ಕು ಕೇಳಿ’ ಎಂದು ನಾವೇ ಹೇಳಿದರೆ, ಜನ ಇನ್ನೂ ಹಕ್ಕಿಗೆ ಯೋಗ್ಯರಾಗಿಲ್ಲವೆಂಬ ಎದುರಾಳಿಗಳ ಮಾತನ್ನು ನಾವೇ ಒಪ್ಪಿದಂತಾಗುತ್ತದೆ ಎಂಬುದು ಅವನ ಆಕ್ಷೇಪ. ಅವನ ಪತ್ರಿಕೆಯ ಟೀಕೆಗೆ ಹೆದರಿ, ಮೊದಲು ಒಪ್ಪಿದ್ದ ಹಲವರು ಲವೆಟ್‌ನಿಂದ ದೂರ ಸರಿದರು. ಅಷ್ಟು ಒಳ್ಳೆಯ ಯೋಜನೆ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು.

ವಿದ್ಯಾರ್ಥಿಗಳೇ, ಇಲ್ಲಿ ಯಾರು ಸರಿ? ಓಕಾನರ್‌ನ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಲವೆಟ್ ಹೇಳಿದ್ದೂ ಹಕ್ಕಿಗೆ ಮೊದಲು ಪರೀಕ್ಷೆ ಪಾಸಾಗಿ ಎಂದಲ್ಲ. ಸನ್ನದಿನಲ್ಲಿ ವಿದ್ಯಾರ್ಹತೆಯ ಮಾತೇ ಇಲ್ಲ. ಅದನ್ನು ಬರೆದವನು ಅವನೇ. ಹಕ್ಕು ಕೇಳುವುದಕ್ಕೂ, ಸಿಕ್ಕ ಹಕ್ಕನ್ನು ಉಳಿಸಿಕೊಳ್ಳುವುದಕ್ಕೂ ಓದು ಆಯುಧ ಎಂಬುದು ಅವನ ನಂಬಿಕೆ. ಉದಾರವಾದಿ ರಾಜಕಾರಣಿಗಳು ‘ಓದು’ ಎಂದಾಗ ಅದು ಬಾಗಿಲಿಗೆ ಹಾಕಿದ ಬೀಗ. ಲವೆಟ್ ‘ಓದು’ ಎಂದಾಗ ಅದು ಬೀಗದ ಕೈ. ಶಬ್ದ ಒಂದೇ, ಉದ್ದೇಶ ಬೇರೆ. ಈ ವ್ಯತ್ಯಾಸವನ್ನು ಓಕಾನರ್‌ನ ಸಿಟ್ಟು ಕಾಣಲಿಲ್ಲ.

ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ಸನ್ನದಿನಲ್ಲಿ ಹೆಂಗಸರಿಗೆ ಓಟಿನ ಬೇಡಿಕೆ ಇರಲಿಲ್ಲ. ಮೊದಲ ಕರಡಿನಲ್ಲಿ ಅದನ್ನು ಸೇರಿಸಿ ಆಮೇಲೆ ಕೈಬಿಡಲಾಯಿತೆಂದು ಲವೆಟ್ ಬರೆದಿದ್ದಾನೆ. ಅದನ್ನು ಇಟ್ಟುಕೊಂಡರೆ ಇಡೀ ಸನ್ನದಿಗೇ ತೊಂದರೆ ಎಂಬ ಅಂಜಿಕೆ. ಸಾವಿರಾರು ಹೆಂಗಸರು ಸಹಿ ಹಾಕಿದರು, ಮೆರವಣಿಗೆ ನಡೆದರು. ‘ಸ್ವಲ್ಪ ಕಾಯಿರಿ’ ಎಂಬ ಮಾತಿನಿಂದ ನೊಂದವರೇ ತಮ್ಮ ಅಕ್ಕತಂಗಿಯರಿಗೆ ಅದೇ ಮಾತನ್ನು ಹೇಳಿದರು.

ಒಂದು ಹೆಸರಿಗಾಗಿ ಮುರಿದ ಸ್ನೇಹ

ಎರಡೂ ಕಡೆಯವರನ್ನು ಕೂಡಿಸುವ ಪ್ರಯತ್ನ ನಡೆಯಲೇ ಇಲ್ಲವೇ? ನಡೆಯಿತು. ಜೋಸೆಫ್ ಸ್ಟರ್ಜ್ ಬರ್ಮಿಂಗ್‌ಹ್ಯಾಮಿನ ಧಾನ್ಯ ವ್ಯಾಪಾರಿ, ಕ್ವೇಕರ್ ಪಂಥದವನು, ಗುಲಾಮಗಿರಿಯ ವಿರುದ್ಧ ದುಡಿದವನು. ಎಲ್ಲ ಗಂಡಸರಿಗೂ ಓಟು ಬೇಕೆಂದು ಒಪ್ಪಿದ ಅಪರೂಪದ ಮಧ್ಯಮವರ್ಗದವನು. 1842ರ ಏಪ್ರಿಲ್‌ನಲ್ಲಿ ಅವನು ಕರೆದ ಸಮ್ಮೇಳನ ಆರೂ ಬೇಡಿಕೆಗಳನ್ನು ಒಪ್ಪಿತು. ಆದರೆ ಡಿಸೆಂಬರ್‌ನಲ್ಲಿ ಮತ್ತೆ ಸೇರಿದಾಗ ಸ್ಟರ್ಜ್‌ನ ಕಡೆಯವರು ‘ಚಾರ್ಟರ್’ ಎಂಬ ಹೆಸರನ್ನು ಬಿಟ್ಟು ಬೇರೆ ಹೆಸರಿನ ಮಸೂದೆ ತಂದರು. ಆ ಹೆಸರಿಗೆ ಗಲಭೆಯ ಕಳಂಕ ಅಂಟಿದೆ ಎಂಬುದು ಅವರ ಅಳುಕು. ಆ ಹೆಸರಿಗಾಗಿ ಜೈಲು ಕಂಡವರು ಅದನ್ನು ಬಿಟ್ಟಾರೇ? ಒಬ್ಬರನ್ನೊಬ್ಬರು ಕಂಡರಾಗದ ಲವೆಟ್ ಮತ್ತು ಓಕಾನರ್ ಅಂದು ಒಂದಾಗಿ ಚಾರ್ಟರ್ ಪರ ನಿಂತರು. ಸ್ಟರ್ಜ್‌ನ ಕಡೆಯವರು ಸೋತು ಹೊರನಡೆದರು. ಬೇಡಿಕೆಯಲ್ಲಿ ಭೇದವಿಲ್ಲ, ಭೇದವಿದ್ದದ್ದು ಗೌರವದಲ್ಲಿ, ನಂಬಿಕೆಯಲ್ಲಿ.

ಇದೇ ಕಾಲದಲ್ಲಿ ರಿಚರ್ಡ್ ಕಾಬ್ಡನ್, ಜಾನ್ ಬ್ರೈಟ್ ಎಂಬ ಉದಾರವಾದಿಗಳು ಧಾನ್ಯ ಕಾನೂನಿನ ವಿರುದ್ಧ ಮ್ಯಾಂಚೆಸ್ಟರಿನಿಂದ ದೊಡ್ಡ ಚಳವಳಿ ನಡೆಸುತ್ತಿದ್ದರು. ರೊಟ್ಟಿ ಅಗ್ಗವಾದರೆ ಬಡವನಿಗೇ ಲಾಭವಲ್ಲವೇ? ಆದರೆ ರೊಟ್ಟಿ ಅಗ್ಗವಾದ ಕೂಡಲೇ ಮಾಲೀಕರು ಕೂಲಿ ಇಳಿಸುತ್ತಾರೆ ಎಂದು ಚಾರ್ಟಿಸ್ಟರು ಅವರ ಸಭೆಗಳಿಗೆ ನುಗ್ಗಿ ಗದ್ದಲವೆಬ್ಬಿಸಿದರು. 1846ರಲ್ಲಿ ಧಾನ್ಯ ಕಾನೂನು ರದ್ದಾಯಿತು. ಹಣ, ಸಂಘಟನೆ, ಪಾರ್ಲಿಮೆಂಟಿನಲ್ಲಿ ಮತ ಇದ್ದವರು ಗೆದ್ದರು; ಸಹಿಗಳು ಮಾತ್ರ ಇದ್ದವರು ಕಾಯುತ್ತಲೇ ಇದ್ದರು.

1848: ಲಂಡನ್ ಮತ್ತು ಪ್ಯಾರಿಸ್

1848ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಜನ ರಾಜನನ್ನು ಓಡಿಸಿದರು. ಲಂಡನ್ನಿನಲ್ಲಿಯೂ ಹುರುಪು. ಏಪ್ರಿಲ್ 10ರಂದು ಕೆನಿಂಗ್ಟನ್ ಮೈದಾನದಲ್ಲಿ ಸೇರಿ ಮೂರನೆಯ ಮನವಿಯನ್ನು ಮೆರವಣಿಗೆಯಲ್ಲಿ ಒಯ್ಯುವುದೆಂದು ಚಾರ್ಟಿಸ್ಟರು ಸಾರಿದರು. ಆಗ ಪ್ರಧಾನಿ ಅದೇ ರಸೆಲ್. ರಾಣಿಯನ್ನು ಊರಿನಿಂದ ದೂರ ಕಳಿಸಿದರು. ಕಾವಲಿನ ಹೊಣೆಯನ್ನು ಮುದಿ ಸೇನಾನಿ ವೆಲಿಂಗ್ಟನ್‌ಗೆ ವಹಿಸಿದರು. 80 ಸಾವಿರಕ್ಕೂ ಹೆಚ್ಚು ನಾಗರಿಕರು ವಿಶೇಷ ಪೊಲೀಸರಾಗಿ ದೊಣ್ಣೆ ಹಿಡಿದು ನಿಂತರು. 1832ರಲ್ಲಿ ಕಾರ್ಮಿಕರ ಪಕ್ಕದಲ್ಲಿ ನಿಂತಿದ್ದ ಅಂಗಡಿಕಾರರ ವರ್ಗ ಈಗ ಎದುರಿನ ಸಾಲಿನಲ್ಲಿತ್ತು.

ಸೇತುವೆ ದಾಟಲು ಮೆರವಣಿಗೆಗೆ ಅನುಮತಿಯಿರಲಿಲ್ಲ. ರಕ್ತಪಾತ ಬೇಡವೆಂದು ಓಕಾನರ್ ಜನರನ್ನು ಮನೆಗೆ ಕಳಿಸಿದ; ಮನವಿ ಬಾಡಿಗೆ ಗಾಡಿಗಳಲ್ಲಿ ಪಾರ್ಲಿಮೆಂಟು ಸೇರಿತು. 57 ಲಕ್ಷ ಸಹಿಗಳಿವೆ ಎಂದು ಅವನು ಹೇಳಿದ್ದ. ಗುಮಾಸ್ತರು ಎಣಿಸಿದಾಗ ಸಿಕ್ಕಿದ್ದು 19,75,496. ‘ವಿಕ್ಟೋರಿಯಾ’ ಎಂಬ ಸುಳ್ಳು ಸಹಿಗಳೂ ಇದ್ದವು. ದೇಶವೆಲ್ಲ ನಕ್ಕಿತು. ಸುಮಾರು 20 ಲಕ್ಷ ಜನ ಎಂಬುದು ನಗುವ ಸಂಖ್ಯೆಯಲ್ಲ. ಆದರೆ ಉತ್ಪ್ರೇಕ್ಷೆಯಿಂದ ನಿಜವೂ ಸುಳ್ಳಿನಂತೆ ಕಂಡಿತು. ಲಂಡನ್ನಿನ ಮುಂದಾಳುಗಳಲ್ಲಿ ಒಬ್ಬನಾದ, ಆಫ್ರಿಕಾ ಮೂಲದ ಗುಲಾಮ ಮನೆತನದಿಂದ ಬಂದ ದರ್ಜಿ ವಿಲಿಯಂ ಕಫೆ ಆ ವರ್ಷವೇ ಗಡೀಪಾರು ಶಿಕ್ಷೆಗೊಳಗಾಗಿ ಟಾಸ್ಮೇನಿಯಾಕ್ಕೆ ಹೋಗಬೇಕಾಯಿತು.

ಪ್ಯಾರಿಸ್ಸಿನಲ್ಲಿ ಇದೇ ಜಗಳ ರಕ್ತದ ಹೊಳೆಯಾಯಿತು. ಫೆಬ್ರವರಿಯಲ್ಲಿ ಉದಾರ ಗಣರಾಜ್ಯವಾದಿಗಳೂ ಸಮಾಜವಾದಿಗಳೂ ಒಂದಾಗಿ ಸರ್ಕಾರ ರಚಿಸಿದ್ದರು; ಗಂಡಸರಿಗೆಲ್ಲ ಓಟು ಕೊಟ್ಟಿದ್ದರು; ನಿರುದ್ಯೋಗಿಗಳಿಗೆ ರಾಷ್ಟ್ರೀಯ ಕಾರ್ಯಾಗಾರಗಳನ್ನು ತೆರೆದಿದ್ದರು. ಲಕ್ಷಕ್ಕೂ ಹೆಚ್ಚು ಜನ ನೆಚ್ಚಿಕೊಂಡಿದ್ದ ಆ ಕಾರ್ಯಾಗಾರಗಳನ್ನು ಜೂನ್‌ನಲ್ಲಿ ಮುಚ್ಚಲು ಹೊರಟಾಗ ಕಾರ್ಮಿಕರು ಬೀದಿಗೆ ಅಡ್ಡಗಟ್ಟೆ ಹಾಕಿದರು. ಜೂನ್ 23ರಿಂದ 26ರವರೆಗೆ ಗಣರಾಜ್ಯದ ಸೈನ್ಯವೇ ಸಾವಿರಾರು ಜನರನ್ನು ಕೊಂದಿತು. ಲಾಭವಾದದ್ದು ಯಾರಿಗೆ? ಉದಾರವಾದಿಗಳಿಗಲ್ಲ, ಎಡಪಂಥೀಯರಿಗೂ ಅಲ್ಲ. ಡಿಸೆಂಬರ್‌ನಲ್ಲಿ ಲೂಯಿ ನೆಪೋಲಿಯನ್ ಅಧ್ಯಕ್ಷನಾದ; 1851ರಲ್ಲಿ ಗಣರಾಜ್ಯವನ್ನೇ ಉರುಳಿಸಿ ಮರುವರ್ಷ ಚಕ್ರವರ್ತಿಯಾದ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎಂಬ ಗಾದೆಯ ಮಾತಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗದು.

ಮತ್ತೆ ಕೂಡಿದ ಕೈಗಳು

ಇಂಗ್ಲೆಂಡಿನ ಕತೆ ಅಲ್ಲಿಗೇ ಮುಗಿಯಲಿಲ್ಲ. ಚಳವಳಿ ಕುಗ್ಗಿತು, ಚಳವಳಿಗಾರರು ಕುಗ್ಗಲಿಲ್ಲ. ಅವರಲ್ಲಿ ಎರ್ನೆಸ್ಟ್ ಜೋನ್ಸ್ ಒಬ್ಬ. 1857ರಲ್ಲಿ ಭಾರತದಲ್ಲಿ ದಂಗೆಯೆದ್ದಾಗ, ಬಹುಪಾಲು ಇಂಗ್ಲಿಷ್ ಪತ್ರಿಕೆಗಳು ಸೇಡು ಸೇಡು ಎನ್ನುತ್ತಿದ್ದ ಹೊತ್ತಿನಲ್ಲಿ, ಇವನು ತನ್ನ ಪತ್ರಿಕೆಯಲ್ಲಿ ಭಾರತೀಯರ ಹೋರಾಟ ನ್ಯಾಯವಾದದ್ದೆಂದು ಬರೆದ. ತನ್ನ ಹಕ್ಕಿನ ಮಾತನ್ನು ದೂರದ ನಮ್ಮವರಿಗೂ ಅನ್ವಯಿಸಿದ ಆ ಮನುಷ್ಯನನ್ನು ನಾವು ನೆನೆಯಬೇಕು.

1864ರಲ್ಲಿ ಉದಾರವಾದಿಗಳು ಸುಧಾರಣಾ ಒಕ್ಕೂಟವನ್ನೂ, 1865ರಲ್ಲಿ ಕಾರ್ಮಿಕರು ಸುಧಾರಣಾ ಲೀಗನ್ನೂ ಕಟ್ಟಿದರು. ಮನೆವಾರ್ತೆ ನಡೆಸುವವನಿಗೆ ಓಟು ಎಂದಿತು ಒಕ್ಕೂಟ. ಪ್ರತಿ ಗಂಡಸಿಗೂ ಓಟು ಎಂದಿತು ಲೀಗು. ಈ ಸಲ ಯಾರೂ ಇನ್ನೊಬ್ಬರ ಸಭೆ ಕೆಡಿಸಲಿಲ್ಲ. ಉದಾರವಾದಿ ಗಿರಣಿ ಮಾಲೀಕರು ಲೀಗಿಗೆ ಹಣ ಕೊಟ್ಟರು; ಜಾನ್ ಬ್ರೈಟ್ ಕಾರ್ಮಿಕರ ದೊಡ್ಡ ಸಭೆಗಳಲ್ಲಿ ಮಾತಾಡಿದ. 1866ರಲ್ಲಿ ರಸೆಲ್ ಮತ್ತು ಗ್ಲ್ಯಾಡ್‌ಸ್ಟನ್ ತಂದ ಮಸೂದೆಯನ್ನು ರಾಬರ್ಟ್ ಲೋ ಎಂಬ ಉದಾರವಾದಿಯೇ ಮುಂದೆ ನಿಂತು ಸೋಲಿಸಿದ. ಅಜ್ಞಾನಿಗಳಿಗೆ ಓಟು ಸಲ್ಲದು ಎಂಬುದು ಅವನ ವಾದ. ಜುಲೈ 23ರಂದು ಹೈಡ್ ಪಾರ್ಕಿನ ಗೇಟು ಮುಚ್ಚಿದಾಗ ಜನರ ಒತ್ತಡಕ್ಕೆ ಕಬ್ಬಿಣದ ಬೇಲಿ ಕುಸಿಯಿತು. 1867ರ ಮೇ 6ರಂದು ನಿಷೇಧವನ್ನು ಮೀರಿ ಅದೇ ಪಾರ್ಕಿನಲ್ಲಿ ಸಭೆ ಶಾಂತವಾಗಿ ನಡೆಯಿತು. ಗೃಹಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಅದೇ ವರ್ಷ ಬಂದ ಕಾಯಿದೆ ನಗರದ ಕಾರ್ಮಿಕರಿಗೆ ಓಟು ಕೊಟ್ಟು ಮತದಾರರ ಸಂಖ್ಯೆಯನ್ನು ಹೆಚ್ಚು ಕಡಿಮೆ ಎರಡು ಪಟ್ಟು ಮಾಡಿತು. ತಂದವನು ಸಂಪ್ರದಾಯವಾದಿ ಡಿಸ್ರೇಲಿ!

ಮುಂದೆ ಏನಾಯಿತು, ಗಮನಿಸಿ. ಓಟು ಬಂದ ಕೂಡಲೇ ಅದೇ ರಾಬರ್ಟ್ ಲೋ, ಇನ್ನು ಮುಂದೆ ಈ ಜನರೇ ನಮ್ಮ ಒಡೆಯರು, ಅವರಿಗೆ ಅಕ್ಷರ ಕಲಿಸಲೇಬೇಕು ಎಂಬ ಅರ್ಥದ ಮಾತಾಡಿದ. ಮೂರೇ ವರ್ಷದಲ್ಲಿ, 1870ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸಿನ ಎಲ್ಲೆಡೆ ಪ್ರಾಥಮಿಕ ಶಾಲೆಗಳನ್ನು ಒದಗಿಸುವ ಕಾಯಿದೆ ಬಂತು. ಓದಿದ ಮೇಲೆ ಓಟು ಎಂದು ಹೇಳುತ್ತಿದ್ದ ವರ್ಷಗಳಲ್ಲಿ ಬಾರದ ಶಾಲೆ, ಓಟು ಕೊಟ್ಟ ಮೇಲೆ ಬಂತು. ಸನ್ನದಿನ ಬೇಡಿಕೆಗಳೂ ಒಂದೊಂದಾಗಿ ನೆರವೇರಿದವು: 1858ರಲ್ಲೇ ಸದಸ್ಯರ ಆಸ್ತಿ ನಿಯಮ ರದ್ದು, 1872ರಲ್ಲಿ ಗುಪ್ತ ಮತದಾನ, 1911ರಲ್ಲಿ ಸದಸ್ಯರಿಗೆ ಸಂಬಳ, 1918ರಲ್ಲಿ ಗಂಡಸರಿಗೆಲ್ಲ ಹಾಗೂ 30 ದಾಟಿದ ಹೆಚ್ಚಿನ ಹೆಂಗಸರಿಗೆ ಓಟು, 1928ರಲ್ಲಿ ಹೆಂಗಸರಿಗೂ ಸಮಾನ ಹಕ್ಕು. ವರ್ಷಕ್ಕೊಂದು ಚುನಾವಣೆ ಎಂಬುದೊಂದು ಮಾತ್ರ ಹಾಗೇ ಉಳಿಯಿತು.

ನಮಗೆ ಇದರಿಂದ ತಿಳಿಯುವುದೇನು?

ಬ್ರಿಟಿಷರು ನಮಗೆ 1935ರ ಕಾಯಿದೆಯಲ್ಲಿ ಕೊಟ್ಟದ್ದು ಆಸ್ತಿ, ತೆರಿಗೆ, ವಿದ್ಯಾರ್ಹತೆಗಳ ಮೇಲೆ ನಿಂತ ಓಟು. ಆದರೆ ಡಾ. ಬಿ.ಆರ್. ಅಂಬೇಡ್ಕರ್ ಅವರು 1928ರಲ್ಲಿ ಸೈಮನ್ ಆಯೋಗದ ಮುಂದೆಯೇ ವಯಸ್ಕರಿಗೆಲ್ಲ ಮತಾಧಿಕಾರ ಬೇಕೆಂದು ಕೇಳಿದ್ದರು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 326ನೆಯ ವಿಧಿ ಅದನ್ನು ನಿಜ ಮಾಡಿತು. 1951ರ ಜನಗಣತಿಯಲ್ಲಿ ನಮ್ಮ ಸಾಕ್ಷರತೆ ಶೇಕಡಾ 18ರಷ್ಟು ಮಾತ್ರ. ಇಂಗ್ಲೆಂಡು ಸುಮಾರು ನೂರು ವರ್ಷ ಹಂತಹಂತವಾಗಿ ಏರಿದ ಮೆಟ್ಟಿಲನ್ನು ನಮ್ಮ ಹಿರಿಯರು ಒಂದೇ ಹೆಜ್ಜೆಯಲ್ಲಿ ಏರಿದರು. ‘ಮೊದಲು ಓದಲಿ’ ಎಂದು ಅವರು ಕಾದಿದ್ದರೆ ನಿಮ್ಮಲ್ಲಿ ಎಷ್ಟೋ ಮಂದಿಯ ಅಜ್ಜ ಅಜ್ಜಿಯರು ಓಟು ಹಾಕದೆಯೇ ಕಣ್ಣು ಮುಚ್ಚುತ್ತಿದ್ದರು.

ಹಾಗಾದರೆ ಶಿಕ್ಷಣ ಸಂಸ್ಥೆಗಳ ಕೆಲಸ ಕಡಿಮೆಯದೇ? ಖಂಡಿತ ಅಲ್ಲ. ಆದರೆ ನಮ್ಮ ಮಾತು ಎಚ್ಚರದ್ದಾಗಿರಬೇಕು. ‘ನೀವು ಓದಿಲ್ಲ, ಆದ್ದರಿಂದ ಸುಮ್ಮನಿರಿ’ ಎಂದು ಯಾರಿಗಾದರೂ ಹೇಳಲು ಶಿಕ್ಷಣವನ್ನು ನೆಪ ಮಾಡಿಕೊಳ್ಳಬಾರದು. ಮನೆಯಲ್ಲಿ ಹೆಣ್ಣುಮಗಳಿಗೆ, ಬೀದಿಯಲ್ಲಿ ಕೂಲಿಯವನಿಗೆ, ಸಭೆಯಲ್ಲಿ ಬಡ ಸದಸ್ಯನಿಗೆ ಈ ಮಾತು ಇಂದಿಗೂ ಕೇಳಿಬರುತ್ತದೆ. ಹಕ್ಕು ಹುಟ್ಟಿನಿಂದ ಬಂದದ್ದು. ಅದನ್ನು ಬಳಸುವ ಬಗೆಯನ್ನು, ಎದುರಿನವನ ಮಾತನ್ನು ಅಳೆದು ನೋಡುವ ಬುದ್ಧಿಯನ್ನು, ಸಹಿ ಹಾಕುವ ಮುನ್ನ ಕಾಗದವನ್ನು ಓದುವ ಅಭ್ಯಾಸವನ್ನು ಕಲಿಸುವುದು ಶಾಲೆಯ ಪಾಲು.

ಬದಲಾವಣೆ ಬಯಸುವವರಲ್ಲಿ ಒಬ್ಬ ಮೆಲ್ಲಗೆ ನಡೆಯುವವನು, ಒಬ್ಬ ಓಡುವವನು ಎಂದೆಂದಿಗೂ ಇರುತ್ತಾರೆ. ಮೆಲ್ಲಗೆ ನಡೆಯುವವನಿಗೆ ಕಾನೂನಿನ ಬೆಲೆ ಗೊತ್ತು. ಓಡುವವನಿಗೆ ಹಸಿವಿನ ಅವಸರ ಗೊತ್ತು. 1842ರಲ್ಲಿ ಒಂದು ಹೆಸರಿಗಾಗಿ ಬೇರೆಯಾದಾಗ ಇಬ್ಬರೂ ಬರಿಗೈಯಲ್ಲಿ ಹೋದರು. 1867ರಲ್ಲಿ ಅಭಿಪ್ರಾಯಭೇದವನ್ನು ಇಟ್ಟುಕೊಂಡೇ ಒಟ್ಟಿಗೆ ನಡೆದಾಗ, ಅವರನ್ನು ಒಪ್ಪದ ಸರ್ಕಾರವೇ ಕಾಯಿದೆ ತರಬೇಕಾಯಿತು. ನಿಮ್ಮ ಕಾಲೇಜಿನ ಸಂಘದಲ್ಲಾಗಲಿ, ನಾಳೆ ನೀವು ಸೇರುವ ಯಾವುದೇ ಸಂಘಟನೆಯಲ್ಲಾಗಲಿ ಭಿನ್ನಾಭಿಪ್ರಾಯ ಬಂದಾಗ ಈ ಎರಡು ಇಸವಿಗಳನ್ನು ನೆನಪಿಗೆ ತಂದುಕೊಳ್ಳಿ. ನಿಮಗಿಂತ ಮೊದಲು ನೀವು ಒಳಗೆ ಹೋದರೆ, ಹಿಂದೆ ನಿಂತವರಿಗಾಗಿ ಬಾಗಿಲನ್ನು ತೆರೆದೇ ಇಡಿ.